ತಳ ನೋಡುವ ಮಾವ

ನಮ್ಮ ಸೋದರಮಾವನಿಗೆ ಬುದ್ಧಿ ಸರಿಯಿಲ್ಲ ಎಂದು ಯಳಂದೂರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಬುದ್ಧಿ ಸರಿಯಾಗಿಯೇ ಇದೆ, ಸ್ವಲ್ಪ ಬೋರಲಾಗಿದೆ ಅಷ್ಟೆ! ಲೋಕದ ಜನರೆಲ್ಲ ಒಂದು ವಸ್ತುವನ್ನು ಮೇಲಿನಿಂದ ನೋಡಿದರೆ ಇವರು ಕೆಳಗಿನಿಂದ ನೋಡುತ್ತಾರೆ. ಲೋಟ, ಕುರ್ಚಿ, ಚಪ್ಪಲಿ, ಮಿಕ್ಸಿ, ಕೈಗೆ ಏನೇ ಸಿಗಲಿ, ಮೊದಲು ಮಗುಚಿ ಅದರ ತಳ ನೋಡಬೇಕು. ಬೆರಳಿನಿಂದ ಎರಡು ಸಲ ಕುಟ್ಟಬೇಕು. ಆಮೇಲೆ ತೀರ್ಪು. ಅವರ ಕೋರ್ಟಿನಲ್ಲಿ ತೀರ್ಪುಗಳು ಎರಡೇ. ಒಂದು "ಬಿದ್ದೋಯ್ತದೆ", ಇನ್ನೊಂದು "ಬಿದ್ದೋಗಲ್ಲ." ಮೊದಲನೆಯದನ್ನು ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ. ಎರಡನೆಯದನ್ನು ಕೇಳಿದ್ದು ಮೂರೋ ನಾಲ್ಕೋ ಸಲ. ಅದು ಸಿಕ್ಕಿದವನು ಊರೂಟ ಹಾಕಿಸಬಹುದು.

ನನಗೆ ಹೆಣ್ಣು ನೋಡಲು ಮಧುವನಹಳ್ಳಿಗೆ ಹೋದ ದಿನದ ಕಥೆ ಕೇಳಿ. ಹುಡುಗಿ ತಲೆ ತಗ್ಗಿಸಿ ಕಾಫಿ ತಂದಳು. ನಾವೆಲ್ಲ ಹುಡುಗಿಯನ್ನು ನೋಡುತ್ತಿದ್ದರೆ ಮಾವ ಕಾಫಿಯನ್ನು ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಂಡು ಲೋಟವನ್ನು ಬೆಳಕಿಗೆ ಹಿಡಿದು ತಳ ನೋಡತೊಡಗಿದರು. ಆಮೇಲೆ ನೀರಿನ ಚೊಂಬು. ಆಮೇಲೆ ತಾವು ಕೂತಿದ್ದ ಸ್ಟೂಲು. ಹುಡುಗಿಯ ಅಪ್ಪ ಗಾಬರಿಯಿಂದ, "ಏನಾರ ಕಳ್ಕಂಡ್ರಾ?" ಎಂದು ಕೇಳಿದರು.

ಹಿಂತಿರುಗುವಾಗ ನಮ್ಮಮ್ಮ ಬಸ್ಸಿನಲ್ಲಿ ಕೇಳಿದಳು: "ಹುಡ್ಗಿ ಎಂಗವ್ಳೆ ಅಂದೆ ಅಣ್ಣ?"

"ಚೊಂಬು ಬಿದ್ದೋಗಲ್ಲ. ಮಾಡ್ಕಳಿ."

ಹೀಗೆ ನನ್ನ ದಾಂಪತ್ಯ ಒಂದು ಹಿತ್ತಾಳೆ ಚೊಂಬಿನ ಯೋಗ್ಯತೆಯ ಮೇಲೆ ನಿಂತಿದೆ. ಇವತ್ತಿನವರೆಗೂ ಬಿದ್ದಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ನಮ್ಮ ಮನೆಗೆ ಫ್ರಿಜ್ ಬಂದಾಗ ಅದನ್ನೂ ಮಲಗಿಸಿದರು! ತಂದವನು "ಸಾ, ವಾರಂಟಿ ಒಂಟೋಯ್ತದೆ ಸಾ" ಎಂದು ಅಳುತ್ತಿದ್ದ. ಮಲೆ ಮಹದೇಶ್ವರ ಬೆಟ್ಟದಲ್ಲಿ ಕೈಗೆ ಲಾಡು ಪ್ರಸಾದ ಕೊಟ್ಟರೆ ಜನ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಇವರು ಅದನ್ನೂ ತಿರುಗಿಸಿ ನೋಡಿದರು. "ಮಾವ, ದೇವರು ಕೊಟ್ಟಿದ್ದು!" ಎಂದು ನಾನು ಗದರಿದೆ. "ಕೊಟ್ಟಿದ್ದು ದೇವ್ರು ಕಣ್ಲಾ, ಕಟ್ಟಿದ್ದು ಮನ್ಸ ಅಲ್ವಾ?" ಎಂದರು. ನಾನು ನನ್ನ ಪಾಲಿನ ಲಾಡನ್ನು ತಿರುಗಿಸದೆ ಬಾಯಿಗೆ ಹಾಕಿಕೊಂಡೆ.

ಈ ಹುಚ್ಚಿಗೆ ಕಾರಣವಿಲ್ಲದೆ ಇಲ್ಲ. ಮಾವ ಬಿದಿರು ಹೆಣೆಯುವವರು. ರೇಷ್ಮೆ ಹುಳು ಗೂಡು ಕಟ್ಟುವ ಚಂದ್ರಿಕೆ, ಮೊರ, ಕೋಳಿಮರಿಗಳನ್ನು ಹದ್ದು ಎತ್ತಿಕೊಂಡು ಹೋಗದಂತೆ ಕವುಚಿ ಹಾಕುವ ಕಣ್ಣುಕಣ್ಣಿನ ಕುಕ್ಕೆ, ಇವೆಲ್ಲ ಅವರ ಕೈಯಲ್ಲಿ ಆಗುತ್ತಿದ್ದವು. ಬುಟ್ಟಿ ಎನ್ನುವುದು ತಳದಿಂದಲೇ ಶುರು. ತಳ ಕೆಟ್ಟರೆ ಮೇಲೆ ಎಷ್ಟು ಚೆಂದ ಹೆಣೆದರೂ ಅದು ಬುಟ್ಟಿಯಲ್ಲ. ಈಚೆಗೆ ಪ್ಲಾಸ್ಟಿಕ್ ಚಂದ್ರಿಕೆ ಬಂತು, ಕೋಳಿಗಳಿಗೆ ತಂತಿ ಬಲೆ ಬಂತು. ಮಾವ ಪ್ಲಾಸ್ಟಿಕ್ ಚಂದ್ರಿಕೆಯನ್ನೂ ಒಂದು ದಿನ ಮಗುಚಿ ನೋಡಿ, "ಇದ್ಕೆ ತಳವೇ ಇಲ್ವಲ್ಲೋ" ಎಂದು ವಾಪಸ್ ಇಟ್ಟರು. ನಾಲ್ಕು ವರ್ಷದಿಂದ ಬಿದಿರು ಸೀಳುವ ಕತ್ತಿ ಗೋಡೆಯ ಮೇಲಿದೆ. ಯಾರೂ ಅವರನ್ನು ಏನೂ ಕೇಳುವುದಿಲ್ಲ. ಕೇಳುವವರಿಲ್ಲದ ಮನುಷ್ಯ ಲೋಟದ ತಳವನ್ನಾದರೂ ನೋಡಬೇಡವೇ?

ಇನ್ನು ನನ್ನ ವಿಷಯ. ಕೊಳ್ಳೇಗಾಲದ ಬಳಿ ಇರುವ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ ನಾನು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕ. ಹತ್ತು ವರ್ಷದಿಂದ ಅತಿಥಿ! ಯಾವ ಮನೆಯಲ್ಲಿ ಅತಿಥಿ ಹತ್ತು ವರ್ಷ ಇರುತ್ತಾನೆ ಹೇಳಿ. ಈ ಕೇಂದ್ರದ ನಿರ್ದೇಶಕರಿಗೆ ಒಂದು ಬೆಳಿಗ್ಗೆ ಜ್ಞಾನೋದಯವಾಯಿತು: ನಮ್ಮ ಮಕ್ಕಳು ವಿಶ್ವದಾಖಲೆ ಮಾಡಬೇಕು. ಲ್ಯಾಬಿನಲ್ಲಿ ನಲ್ಲಿ ಬರುತ್ತಿಲ್ಲ, ನಿಜ. ಆದರೆ ನಲ್ಲಿ ರಿಪೇರಿ ಮಾಡಿಸಿದರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆಯೇ?

ಹನ್ನೊಂದು ಜನ ವಿದ್ಯಾರ್ಥಿಗಳು ಮುಂದೆ ಬಂದರು. ಅವರಲ್ಲಿ ನಾಲ್ವರ ಹೆಸರು ಮಹದೇವ, ಮಾದೇಶ, ಮಾದಪ್ಪ, ಮಹದೇವಸ್ವಾಮಿ. ಹಾಜರಿ ಕೂಗಿದರೆ ಬೆಟ್ಟದ ಕಡೆ ತಿರುಗಿ ನಾಮಾವಳಿ ಓದಿದ ಹಾಗೆ. ಜಗತ್ತಿನ ಅತಿ ಸಣ್ಣದೊಂದರ ಅತಿ ದೊಡ್ಡ ಮಾದರಿ ಕಟ್ಟುವುದೆಂದು ತೀರ್ಮಾನವಾಯಿತು. ಇಂಗಾಲದ ನ್ಯಾನೋ ಕೊಳವೆ ಎಂದು ಒಂದಿದೆ. ತಲೆಕೂದಲನ್ನು ಹತ್ತಾರು ಸಾವಿರ ಸೀಳು ಮಾಡಿದರೆ ಒಂದು ಸೀಳಿನಷ್ಟು ದಪ್ಪ ಇರುತ್ತದೆ. ಮೈತುಂಬ ಆರು ಮೂಲೆಯ ಕಿಂಡಿಗಳು, ಎರಡೂ ತುದಿ ಮುಚ್ಚಿರುತ್ತದೆ. ಅದನ್ನು ನಾವು ಹನೂರಿನಿಂದ ತಂದ ಬಿದಿರಿನಲ್ಲಿ, ಬಸ್ಸಿಗಿಂತ ಉದ್ದವಾಗಿ ಕಟ್ಟುವುದು! ನಕ್ಷೆ ಬರೆದುಕೊಟ್ಟವನು ನಾನೇ. ಮೈಯೆಲ್ಲ ಆರು ಮೂಲೆ, ತುದಿಯಲ್ಲೂ ಆರು ಮೂಲೆ. ಅಚ್ಚುಕಟ್ಟಾಗಿ ಸ್ಕೇಲ್ ಹಿಡಿದು ಎಳೆದಿದ್ದೆ.

ದಾಖಲೆಯ ಸಂಸ್ಥೆಯವರು ಒಂದು ನಿಯಮಾವಳಿ ಕಳಿಸಿದ್ದರು. ಅದನ್ನು ಪೂರ್ತಿ ಓದಿದವಳು ಸತ್ತೇಗಾಲದ ಶೋಭಾ ಒಬ್ಬಳೇ. ವಿದ್ಯಾರ್ಥಿಗಳ ಹೊರತು ಬೇರೆ ಯಾರ ಕೈಯೂ ಮಾದರಿಗೆ ತಾಗಬಾರದು, ತಾಗಿದರೆ ಅರ್ಜಿ ರದ್ದು. ನಿರ್ದೇಶಕರು ರಿಬ್ಬನ್ ಕಟ್ಟಲು ಬಂದಾಗಲೂ ಅವಳು ಓಡಿಸಿದಳು. ಎರಡು ತಿಂಗಳು ಆ ಮಕ್ಕಳು ಬೆರಳಿಗೆಲ್ಲ ಬಿದಿರಿನ ಸಿಬಿರು ಚುಚ್ಚಿಸಿಕೊಂಡು ಬಿದಿರು ಸೀಳಿದ ದಬ್ಬೆಗಳನ್ನು ಮೂರು ದಿಕ್ಕಿನಿಂದ ಹೆಣೆದರು. ಕೊಳವೆಯ ಮೈ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ತುದಿ ಮಾತ್ರ ಮುಚ್ಚಲಿಲ್ಲ. ಆರು ಮೂಲೆ ಹಾಕುತ್ತಾ ಹೋದಷ್ಟೂ ಅದು ಮುಂದಕ್ಕೇ ಬೆಳೆಯಿತು, ಒಳಕ್ಕೆ ಬಾಗಲಿಲ್ಲ. ಹಗ್ಗ ಕಟ್ಟಿ ಎಳೆದರೆ ದಬ್ಬೆ ಸಿಡಿದು ಹನೂರಿನ ಮಾದೇಶನ ಹಣೆ ಊದಿತು. ಅಳೆಯುವವರು ಬರುವುದು ಸೋಮವಾರ, ಇದು ಶುಕ್ರವಾರ. ಅರ್ಜಿಯಲ್ಲಿ ಎರಡೂ ತುದಿ ಮುಚ್ಚಿದ ಮಾದರಿ ಎಂದು ಬರೆದಾಗಿತ್ತು. ಮುಚ್ಚದಿದ್ದರೆ ಎರಡು ತಿಂಗಳ ದುಡಿಮೆ ಒಲೆಗೆ. "ಸಾರ್, ನಿಮ್ ನಕ್ಷೆ ಸರಿ ಅಯ್ತಲ್ವಾ ಸಾರ್?" ಎಂದು ಮಾದೇಶ ಊದಿದ ಹಣೆ ಹೊತ್ತು ಕೇಳಿದ. "ನಕ್ಷೆ ಸರಿ ಇದೆ, ಬಿದಿರು ಸರಿ ಇಲ್ಲ" ಎಂದೆ. ಕುಣಿಯಲಾರದವನಿಗೆ ನೆಲ ಡೊಂಕು!

ಮಾರನೆಯ ದಿನ ಮಾವ ಹೊಸ ಕನ್ನಡಕ ತೆಗೆದುಕೊಳ್ಳಲು ಕೊಳ್ಳೇಗಾಲಕ್ಕೆ ಬಂದರು. ಅಂಗಡಿಯಲ್ಲಿ ಕನ್ನಡಕವನ್ನು ಬೋರಲು ಮಾಡಿ ಕುಟ್ಟಿ ನೋಡಿ ಅಂಗಡಿಯವನ ಎದೆ ಒಡೆಸಿದರು. ನನಗೆ ಕೆಲಸವಿದ್ದದ್ದರಿಂದ ಅವರನ್ನೂ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಮೈದಾನದಲ್ಲಿ ಬೆಂಚುಗಳ ಮೇಲೆ ಮಲಗಿದ್ದ ನಮ್ಮ ವಿಜ್ಞಾನವನ್ನು ಕಂಡವರೇ ನಿಂತುಬಿಟ್ಟರು.

"ಯಾರ್ಲಾ ಈ ಪಾಟಿ ಕೋಳಿ ಕುಕ್ಕೆ ಎಣ್ದೋರು? ಯಾವ್ ಕೋಳಿಗ್ಲಾ ಇದು?"

"ಕೋಳಿದಲ್ಲ ತಾತ," ಎಂದ ಮಾದೇಶ, ನಾನು ಕಲಿಸಿದ್ದನ್ನು ಒಪ್ಪಿಸುತ್ತಾ. "ಇಂಗಾಲದ ನ್ಯಾನೋ ಕೊಳವೆ. ಬರಿಗಣ್ಣಿಗೆ ಕಾಣಾಕಿಲ್ಲ."

"ಕಾಣ್ತಾ ಅದಲ್ಲೋ! ಕನ್ನಡ್ಕ ತಕಂಡಿವ್ನಿ ಕಣ್ಲಾ ಈಗ." ಮಾವ ನೇರವಾಗಿ ತುದಿಗೆ ಹೋಗಿ ಬಗ್ಗಿದರು. "ತಳ ಎಲ್ಲೋ?"

"ಅದೇ ತಾತ, ಮುಚ್ಚಕ್ಕೆ ಆಯ್ತಾ ಇಲ್ಲ."

"ಎಂಗಾದದು? ಬರೀ ಆರ್ ಮೂಲೆ ಕಣ್ಣೇ ಆಕ್ಕಂಡು ಓದ್ರೆ ಹನೂರ್ ಗಂಟ ಓಯ್ತದೆ, ತಿರುಗಲ್ಲ. ತಿರುಗ್ಬೇಕು ಅಂದ್ರೆ ಐದ್ ಮೂಲೆ ಕಣ್ಣು ಬೇಕು. ಆರ್ ಕಡೆ ಐದು ಬುಟ್ರೆ ತಾನಾಗೇ ಮುಚ್ಕತದೆ. ಯಾವನ್ಲಾ ನಿಮ್ಗೆ ಬರೀ ಆರು ಅಂದೋನು?"

ಹನ್ನೊಂದು ಜೊತೆ ಕಣ್ಣುಗಳು ನನ್ನ ಕಡೆ ತಿರುಗಿದವು. ನಾನು ಫೋನ್ ಬಂದವನಂತೆ ಸ್ಟಾಫ್ ರೂಮಿಗೆ ಹೋಗಿ ಪುಸ್ತಕ ತೆಗೆದೆ. ಒಂದೊಂದು ತುದಿಗೆ ಆರು ಪಂಚಭುಜ. ಸರಿಯಾಗಿ ಆರು! ಹತ್ತು ವರ್ಷದಿಂದ ಆ ಪುಸ್ತಕದಿಂದ ಪಾಠ ಮಾಡಿದ್ದೆ, ಓದಿರಲಿಲ್ಲ ಅಷ್ಟೆ.

ವಾಪಸ್ ಬರುವಷ್ಟರಲ್ಲಿ ಮಾವ ತೋಳು ಏರಿಸಿ ದಬ್ಬೆಗೆ ಕೈ ಚಾಚಿದ್ದರು. "ಮುಟ್ಬ್ಯಾಡಿ!" ಎಂದು ಶೋಭಾ ಕಿರುಚಿದಳು.

ಮಾವ ಕೈಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡರು. ಆ ಮಾತನ್ನು ಅವರು ಬುಟ್ಟಿ ಹೊತ್ತು ನಿಂತ ಎಷ್ಟೋ ಬಾಗಿಲುಗಳಲ್ಲಿ ಬೇರೆ ಕಾರಣಕ್ಕೆ ಕೇಳಿದವರು. ನನಗೆ ಗೊತ್ತಿತ್ತು. ಹುಡುಗಿಗೆ ಗೊತ್ತಿರಲಿಲ್ಲ, ಆದರೆ ಅವರ ಮುಖ ನೋಡಿ ಅವಳ ಕಣ್ಣು ತುಂಬಿತು. "ಅಯ್ಯೋ, ಅಂಗಲ್ಲ. ನಮ್ಮನ್ ಬುಟ್ಟು ಯಾರೇ ಮುಟ್ಟಿದ್ರೂ ದಾಖಲೆ ಓಯ್ತದೆ. ಡೈರೆಕ್ಟರ್ ಸಾರ್‌ನೂ ಓಡ್ಸಿವ್ನಿ. ನೀವು ಹೇಳ್ಕೊಡಿ ಮಾವ, ನಾವ್ ಮಾಡ್ತೀವಿ" ಎಂದಳು. ನಾನು ಮಾವ ಎಂದು ಕರೆಯುವುದನ್ನು ಕೇಳಿ ಅವಳೂ ಕರೆದಳು. ಅಂದಿನಿಂದ ಅವರು ಹನ್ನೊಂದು ಜನಕ್ಕೂ ಮಾವ.

ಐವತ್ತು ವರ್ಷ ಕೈಯಲ್ಲಿ ಮಾಡಿದ್ದನ್ನು ಬಾಯಲ್ಲಿ ಹೇಳಬೇಕು! ಮಾವ ಒಂದು ಕುರ್ಚಿ ತರಿಸಿ (ತಳ ನೋಡಿ, "ಬಿದ್ದೋಯ್ತದೆ" ಎಂದು ಹೇಳಿ) ಕೂತರು. ಕೈ ತಾನಾಗಿ ಚಾಚುತ್ತದೆ ಎಂದು ಎರಡು ಅಂಗೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಶನಿವಾರ ಪೂರ್ತಿ, ಭಾನುವಾರ ಪೂರ್ತಿ ಗದ್ದದಿಂದಲೇ ದಿಕ್ಕು ತೋರಿಸಿದರು.

"ಎಡಕ್ ಎತ್ಲಾ. ಎಡಕ್ಕೆ! ನಿಮ್ಮಪ್ಪ ಎಡ ಯಾವ್ದು ಅಂತ ತೋರ್ಸಿಲ್ವಾ?"

"ಎತ್ತಿವ್ನಿ ಮಾವ!"

"ದಬ್ಬೆ ಕೂಡೆ ಜಗಳ ಆಡ್‌ಬ್ಯಾಡ. ಅದು ಎತ್ತ ಬಗ್ಗತೀನಿ ಅಂತದೆ, ಕೇಳು. ಎಮ್ಮೆಸ್ಸಿ ಓದಿದ್ದೀಯ, ಕೇಳಕ್ಕೆ ಬರಲ್ವಾ?"

ನಾನು ನನ್ನ ತರಗತಿಯಲ್ಲಿ ಹೀಗೆ ಬೈದಿದ್ದರೆ ವಿದ್ಯಾರ್ಥಿಗಳು ಧರಣಿ ಕೂರುತ್ತಿದ್ದರು. ಮಾವ ಬೈದರೆ ಕಿಸಿಕಿಸಿ ನಗುತ್ತಾ ಹೆಣೆದರು. ಟೀ ತಂದವರು ಖಾಲಿ ಲೋಟದ ತಳವನ್ನು ತಾವೇ ತಿರುಗಿಸಿ ತೋರಿಸಿ ಆಮೇಲೆ ಸುರಿದು ಕೊಡುತ್ತಿದ್ದರು. ಶನಿವಾರ ಒಂದು ತುದಿ ಮುಚ್ಚಿತು. ಭಾನುವಾರ ಹೊತ್ತು ಇಳಿಯುವ ಹೊತ್ತಿಗೆ ಎರಡನೆಯದರ ಆರನೇ ಪಂಚಭುಜ ಕೂತಿತು. ಅಷ್ಟು ದಿನ ಮೊಂಡಾಟ ಆಡಿದ್ದ ಬಿದಿರು ಮುದ್ದೆಯ ಹಾಗೆ ಗುಂಡಗಾಯಿತು. ಎಲ್ಲರೂ ಕುಣಿದರು. ಮಾವ ಮಾತ್ರ ತೊಡೆ ಕೆಳಗಿಂದ ಕೈ ತೆಗೆದು, ಜೋಮು ಹಿಡಿದ ಬೆರಳುಗಳನ್ನು ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದರು.

ಸೋಮವಾರ ಅಳೆಯುವವರು ಇಬ್ಬರು ಬಂದರು. ಟೇಪು ಹಿಡಿದರು, ಫೋಟೋ ತೆಗೆದರು, ಕಿಂಡಿ ಎಣಿಸಿದರು. ಅವರಲ್ಲಿ ಒಬ್ಬರ ಕಣ್ಣು ಪಂಚೆ ಉಟ್ಟು ಮೂಲೆಯಲ್ಲಿ ನಿಂತಿದ್ದ ಮಾವನ ಮೇಲೆ ಬಿತ್ತು. "ಇವರು ಯಾರು? ಕಟ್ಟುವುದರಲ್ಲಿ ಇವರದೇನಾದರೂ..."

ನನ್ನ ಬಾಯಿಂದ ಮಾತು ಹಾರಿತು: "ಯಾರೂ ಅಲ್ಲ ಸಾರ್. ಸುಮ್ಮನೆ ನೋಡೋಕೆ ಬಂದವರು."

ಮಾವನೆಂದು ಹೇಳಬಹುದಿತ್ತು. ಕೈ ಹಚ್ಚಿಲ್ಲ, ಹೇಳಿಕೊಟ್ಟರು ಎನ್ನಬಹುದಿತ್ತು. ಹೇಳಿಕೊಡಬಾರದೆಂದು ನಿಯಮದಲ್ಲಿ ಎಲ್ಲಿತ್ತು? ನನ್ನ ತಪ್ಪು ನಕ್ಷೆಯ ಕಥೆ ಹೊರಗೆ ಬರುತ್ತದೆಂಬ ಅಳುಕು ನನಗೆ. ಮಾವ ನನ್ನ ಮುಖ ಒಂದು ಸಲ ನೋಡಿದರು. "ಊಂ ಸಾ. ಸುಮ್ನೆ ಬಂದೆ" ಎಂದು ತಲೆಯಾಡಿಸಿದರು. ಶೋಭಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ದಾಖಲೆ ಆಯಿತು. ಅವತ್ತೇ ಸಂಜೆ ವೇದಿಕೆ, ಹಾರ, ನಿರ್ದೇಶಕರ ಮುಕ್ಕಾಲು ಗಂಟೆಯ ಭಾಷಣ. "ನಮ್ಮ ಉಪನ್ಯಾಸಕರ ನಿಖರವಾದ ನಕ್ಷೆ" ಎಂದು ಅವರು ಹೊಗಳಿದಾಗ ನಾನು ನನ್ನ ಚಪ್ಪಲಿ ನೋಡಿಕೊಂಡೆ. ಹನ್ನೊಂದು ಹೆಸರು ಕೂಗಿದರು. ಪ್ರಮಾಣಪತ್ರ ಕೈಗೆ ಬಂದೊಡನೆ ಮಾದೇಶ ಅದನ್ನು ಮಗುಚಿ ಬೆನ್ನು ನೋಡಿ ಬೆರಳಿನಿಂದ ಎರಡು ಸಲ ಕುಟ್ಟಿದ. ಅವನ ಹಿಂದೆ ಉಳಿದ ಹತ್ತು ಜನರೂ ಹಾಗೇ ಮಾಡಿದರು! ನಿರ್ದೇಶಕರಿಗೆ ಏನೂ ಅರ್ಥವಾಗಲಿಲ್ಲ. ಅದು ಯಾರಿಗೆ ತೋರಿಸಿದ್ದೆಂದು ನಾನು ತಿರುಗಿ ನೋಡಿದರೆ ಹಿಂದಿನ ಸಾಲಿನಲ್ಲಿ ಕೂತಿದ್ದ ಮಾವ ಕುರ್ಚಿಯಲ್ಲಿ ಇರಲಿಲ್ಲ.

ಅವರು ಮೈದಾನದಲ್ಲಿ, ಕೊಳವೆಯ ಕೆಳಗೆ, ಎರಡು ಬೆಂಚುಗಳ ನಡುವೆ ನೆಲದ ಮೇಲೆ ಅಂಗಾತ ಮಲಗಿದ್ದರು. ಏನೋ ಆಯಿತೆಂದು ಓಡಿದೆ.

"ಏನೂ ಆಗಿಲ್ಲ ಕಣ್ಲಾ. ತಳ ನೋಡ್ತಾ ಇವ್ನಿ. ಇಲ್ಲೇನೋ ಬರ್ದವ್ರೆ ನೋಡು. ಕನ್ನಡ್ಕ ಇಲ್ಲ, ನೀನೇ ಓದು."

ಇಸ್ತ್ರಿ ಮಾಡಿದ ಅಂಗಿಯಲ್ಲೇ ಅವರ ಪಕ್ಕ ಮಲಗಿದೆ. ತುದಿ ತಿರುಗುವ ಜಾಗದಲ್ಲಿ, ಹೊಟ್ಟೆಯ ಕೆಳಗಿನ ದಬ್ಬೆಯ ಮೇಲೆ, ಟೇಪು ಹಿಡಿದವರಿಗಾಗಲಿ ಫೋಟೋ ತೆಗೆದವರಿಗಾಗಲಿ ಕಾಣದಂತೆ ಸ್ಕೆಚ್ ಪೆನ್ನಿನಲ್ಲಿ ಬರೆದಿತ್ತು. ಶೋಭಾಳ ಅಕ್ಷರ. ಜಗತ್ತಿನಲ್ಲಿ ಅಲ್ಲಿ ಬಗ್ಗಿ ನೋಡುವವರು ಒಬ್ಬರೇ ಎಂದು ಆ ಮಕ್ಕಳಿಗೆ ಗೊತ್ತಿತ್ತು.

ಓದಿದೆ: "ಇದನ್ನು ಕಟ್ಟಿದವರು ನಾವು ಹನ್ನೊಂದು ಜನ. ಕಲಿಸಿದವರು ನಮ್ಮ ಮಾವ. ಅವರು ಕೈ ಹಚ್ಚಿಲ್ಲ."

"ಮಾವ, ಅವರ ಮುಂದೆ ನಿಮ್ಮನ್ನ ಯಾರೂ ಅಲ್ಲ ಅಂದುಬಿಟ್ಟೆ" ಎಂದೆ. ಅವರು ಕೈ ಮೇಲೆತ್ತಿ, ಇನ್ನು ರದ್ದಾಗುವುದು ಏನೂ ಉಳಿದಿಲ್ಲವಲ್ಲ, ಆ ದಬ್ಬೆಯನ್ನು ಮೊದಲ ಸಲ ಮುಟ್ಟಿದರು. ಬೆರಳಿನಿಂದ ಎರಡು ಸಲ ಕುಟ್ಟಿದರು.

"ಬಿದ್ದೋಗಲ್ಲ," ಎಂದರು. ಆಮೇಲೆ, "ಇನ್ನೊಂದ್ ಸಲ ಓದ್ಲಾ" ಎಂದರು.

ಓದಿದೆ. ಕನ್ನಡಕ ಅವರ ಮೂಗಿನ ಮೇಲೇ ಇತ್ತು.