ಒಳಶಕ್ತಿಗೆ ಗುರು ಬೇಕಾಗಿದ್ದಾರೆ

ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಗುರುಲಿಂಗಪ್ಪ ಹೆಂಡತಿಗೆ ಒಂದೇ ಒಂದು ಸಲವೂ ‘ಬ್ಯಾಡ’ ಎಂದವನಲ್ಲ. ಅನ್ನಬೇಕೆಂದು ಹೊರಟದ್ದು ಮಾತ್ರ ಬಹಳ ಸಲ. ನಾಲಿಗೆಯ ತುದಿಯವರೆಗೆ ಬಂದ ಆ ಶಬ್ದ, ಭೀಮಮ್ಮನ ಮುಖ ಕಂಡೊಡನೆ, ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿಬಿಡುತ್ತಿತ್ತು. ವಾಡಿ ಜಂಕ್ಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಕೂತು ಊರವರ ಬುಟ್ಟಿ ಪೆಟ್ಟಿಗೆಗಳಿಗೆಲ್ಲ ‘ಆಗೂದಿಲ್ಲ, ನಾಳಿ ಬಾ’ ಎಂದು ಗದರುವ ಅದೇ ನಾಲಿಗೆ, ಮನೆಯ ಹೊಸ್ತಿಲು ದಾಟಿದ ಕೂಡಲೆ ಪರದೇಶಿಯಾಗುತ್ತಿತ್ತು.

ಇಷ್ಟು ವರ್ಷ ಇದರಿಂದ ಅಂಥ ನಷ್ಟವೇನೂ ಆಗಿರಲಿಲ್ಲ. ಆದರೆ ಎಪ್ಪತ್ತೊಂಬತ್ತರ ಸಂಕ್ರಾಂತಿಗೆ ಭೀಮಮ್ಮನ ತಮ್ಮ ಅಂಬರಾಯ ಕಾಳಗಿಯಿಂದ ಬಂದ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಮುರಿಯುತ್ತ ಮನೆಯ ಮುಂದಿನ ಖೋಲಿಯನ್ನು ಮೇಲಿಂದ ಕೆಳಗೆ ನೋಡಿದ. ಸಿಮೆಂಟಿನ ಕಾರ್ಖಾನೆಯಿಂದ ಊರು ಬೆಳೆಯುತ್ತಿದೆ, ಜೋಳ ಬೀಸಿಸಲು ಜನ ಸಾಲುಗಟ್ಟುತ್ತಾರೆ, ಇಲ್ಲೊಂದು ಹಿಟ್ಟಿನ ಗಿರಣಿ ಕೂಡಿಸೋಣ ಅಂದ. ಭೀಮಮ್ಮ ಎರಡನೆಯ ರೊಟ್ಟಿ ಬಡಿಸುವಷ್ಟರಲ್ಲಿ ಮಂಜೂರಾತಿ ಕೊಟ್ಟಳು. ಯುಗಾದಿಗೆ ಮಷೀನಿನ ಪೂಜೆ ಎಂದು ನಿಶ್ಚಯವಾಯಿತು. ಮನೆಯ ಯಜಮಾನನನ್ನು ಕೇಳಲೇ ಇಲ್ಲವೆನ್ನುವಂತಿಲ್ಲ. ‘ಮಾಮಾ, ಇನ್ನೊಂದು ರೊಟ್ಟಿ ಬೇಕೇನು’ ಎಂದು ಅಂಬರಾಯ ಕೇಳಿದ್ದ.

ಆ ಖೋಲಿ ಗುರುಲಿಂಗಪ್ಪನ ಸಾಮ್ರಾಜ್ಯವಾಗಿತ್ತು. ನೆಲಕ್ಕೆ ತಣ್ಣನೆಯ ಶಹಾಬಾದ್ ಪರಸಿ ಕಲ್ಲು, ಒಂದು ನುಲಿಯ ಮಂಚ, ರೈಲುಹಳಿಗಳ ಕಡೆಗೆ ತೆರೆಯುವ ಒಂದು ಕಿಟಕಿ. ಡ್ಯೂಟಿ ಮುಗಿಸಿ ಬಂದು ಅಲ್ಲಿ ಅಡ್ಡಾದನೆಂದರೆ, ಮದ್ರಾಸಿನ ಕಡೆಗೆ ಹೋಗುವ ಗಾಡಿಯ ಜೊತೆಗೆ ಅವನೂ ಹೊರಟುಬಿಡುತ್ತಿದ್ದ. ಕಂಡಿರದ ಊರುಗಳು, ಕಂಡಿರದ ಸಮುದ್ರ, ಸಮುದ್ರದ ದಂಡೆಯಲ್ಲಿ ಯಾರೂ ಹೆಸರು ಹಿಡಿದು ಕೂಗದ ಒಂದು ಸಂಜೆ. ಹೊಗೆ ಕರಗುವವರೆಗೂ ಅವನು ಮನೆಯಲ್ಲಿರುತ್ತಿರಲಿಲ್ಲ. ಅಲ್ಲಿ ಗಿರಣಿ ಗಡಗಡ ತಿರುಗಿದರೆ ತನ್ನ ಗಾಡಿಗಳೆಲ್ಲ ಶಾಶ್ವತವಾಗಿ ರದ್ದಾದಂತೆಯೇ.

ಇಂಥ ಸಂಕಟದಲ್ಲಿರುವಾಗಲೇ ಫಸ್ಟ್‌ಕ್ಲಾಸ್ ವೇಟಿಂಗ್ ರೂಮಿನ ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಇಂಗ್ಲಿಷ್ ಮಾಸಪತ್ರಿಕೆಯೊಂದು ಅವನ ಕೈಗೆ ಬಂತು. ಅದರಲ್ಲಿ ಚೀನದ ‘ತಾಯ್ ಚಿ’ ಎಂಬ ವಿದ್ಯೆಯ ಮೇಲೆ ನಾಲ್ಕು ಪುಟ. ಡಿಕ್ಷನರಿ ಇಟ್ಟುಕೊಂಡು ವಾರಗಟ್ಟಲೆ ಓದಿದ. ಮೆಲ್ಲಗೆ, ಮೋಡ ಸರಿದಂತೆ ಕೈಕಾಲು ಆಡಿಸಬೇಕು; ಉಸಿರನ್ನು ಹೊಟ್ಟೆಗೆ ಇಳಿಸಬೇಕು; ಆಗ ಹೊಕ್ಕುಳ ಕೆಳಗೆ ಒಳಶಕ್ತಿ ಕೂಡಿಕೊಳ್ಳುತ್ತದೆ. ಆಮೇಲೆ ಕೂಗಾಡಬೇಕಾಗಿಲ್ಲ. ಮೆತ್ತಗೆ ಒಂದು ಮಾತಾಡಿದರೆ ಸಾಕು, ಎದುರಾಳಿ ಎರಡು ಹೆಜ್ಜೆ ಹಿಂದಕ್ಕೆ ಸರಿಯುತ್ತಾನೆ. ಆ ಒಳಶಕ್ತಿಗೆ ಚೀನದವರು ‘ಚೀ’ ಅನ್ನುತ್ತಾರಂತೆ. (ಭೀಮಮ್ಮನೂ ದಿನಕ್ಕೆ ಹತ್ತು ಸಲ ಅದನ್ನೇ ಅನ್ನುತ್ತಿದ್ದಳು. ಆದರೆ ಆಕೆಯದು ಹೊರಶಕ್ತಿ.)

ಎದುರಾಳಿ ಎರಡು ಹೆಜ್ಜೆ ಹಿಂದಕ್ಕೆ ಸರಿಯುವ ದೃಶ್ಯವನ್ನು ಗುರುಲಿಂಗಪ್ಪ ಕಣ್ಣುಮುಚ್ಚಿ ಎಷ್ಟು ಸಲ ಕಂಡನೋ ಲೆಕ್ಕವಿಲ್ಲ. ಆದರೆ ಲೇಖನದ ಕೊನೆಯಲ್ಲಿ ಒಂದು ಎಚ್ಚರಿಕೆಯಿತ್ತು: ನಂಬಿಕಸ್ಥ ಗುರುವಿಲ್ಲದೆ ಇದಕ್ಕೆ ಕೈ ಹಾಕಬೇಡಿ, ಕಪಟಿಗಳು ಬಹಳ. ನಿಜವಾದ ಗುರು ತಾನು ಗುರುವೆಂದು ಹೇಳಿಕೊಳ್ಳುವುದಿಲ್ಲ, ಬಲ ತೋರಿಸುವುದಿಲ್ಲ, ಕಾಣಿಕೆ ಬೇಡುವುದಿಲ್ಲ, ಮಾತು ಕಡಿಮೆ. ನಸುಕಿನಲ್ಲಿ ಯಾವುದಾದರೂ ಗಿಡದ ಕೆಳಗೆ ನೀರಿನಲ್ಲಿ ನಡೆಯುವವನ ಹಾಗೆ ಚಲಿಸುತ್ತಿರುತ್ತಾನೆ.

ಗುರುಶೋಧನೆ ಶಹಾಬಾದಿನಿಂದ ಶುರುವಾಯಿತು. ಅಲ್ಲಿ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟ ಕರಾಟೆ ಮಾಸ್ಟರನೊಬ್ಬ ಭಾನುವಾರ ಸಂತೆಯ ಹತ್ತಿರ ಹಣೆಯಿಂದ ಪರಸಿ ಒಡೆಯುತ್ತಿದ್ದ. ಕಲ್ಲಿನ ಗಣಿಗಳ ನಡುವೆ ಬೆಳೆದ ಗುರುಲಿಂಗಪ್ಪ, ಮಾಸ್ಟರ ಒಡೆಯುವ ಮುನ್ನ, ಸುಮ್ಮನೆ ಬೆರಳ ಗೆಣ್ಣಿನಿಂದ ಕಲ್ಲನ್ನು ತಟ್ಟಿದ. ಗಟ್ಟಿ ಕಲ್ಲು ಠಣ್ಣೆನ್ನುತ್ತದೆ, ಇದು ದಬ್ಬೆಂದಿತು. ಒಳಗೆ ಮೊದಲೇ ಬಿರುಕು. ಶಹಾಬಾದಿನ ಕಲ್ಲಿನಿಂದ ಶಹಾಬಾದಿನಲ್ಲೇ ಮೋಸ ಮಾಡುವವನ ಧೈರ್ಯಕ್ಕೆ ಮನಸ್ಸಿನಲ್ಲೇ ನಮಸ್ಕರಿಸಿ ಮುಂದಿನ ಗಾಡಿ ಹಿಡಿದ.

ಎರಡನೆಯವರು ಚಿಂಚೋಳಿಯ ಆಚೆ, ಚಂದ್ರಂಪಳ್ಳಿ ಕೆರೆಯ ದಂಡೆಯ ಒಬ್ಬ ಗಡ್ಡದ ಸಾಧುಗಳು. ಒಳಶಕ್ತಿ ಬೇಕಾದರೆ ಹನ್ನೆರಡು ವರ್ಷ ಸಂಸಾರ ಬಿಟ್ಟು ಬಾ ಎಂದರು. ಗುರುಲಿಂಗಪ್ಪನಿಗೆ ಈ ಸಲಹೆ ಬಹಳ ಹಿಡಿಸಿತು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ಚಪ್ಪರಿಸಿದ. ಆದರೆ ಹೋಗಬೇಕಾದರೆ ಮೊದಲು ಭೀಮಮ್ಮನ ಅಪ್ಪಣೆ ಕೇಳಬೇಕು. ಕೇಳುವುದಕ್ಕೆ ಒಳಶಕ್ತಿ ಬೇಕು.

ಕಡೆಗೆ ಹುಡುಕುವ ಬಳ್ಳಿ ಕಾಲಿಗೇ ತೊಡರಿತು. ಫೆಬ್ರವರಿಯ ಒಂದು ನಸುಕಿನಲ್ಲಿ ತಂಬಿಗೆ ಹಿಡಿದು ಹಳಿಗಳ ಆಚೆಗೆ ಹೊರಟಿದ್ದ. ಪರಸಿ ಪೇರಿಸಿಟ್ಟ ಬಯಲಿನಲ್ಲಿ, ಬೇವಿನಗಿಡದ ಕೆಳಗೆ, ಬಿಳಿ ಗಡ್ಡದ ಒಬ್ಬ ಮುದುಕರು ನೀರಿನಲ್ಲಿ ನಡೆಯುವವರ ಹಾಗೆ ನಡೆಯುತ್ತಿದ್ದರು. ಬಲಗೈ ತುಂಬಿದ ಕೊಡ ಎತ್ತುವಂತೆ ಮೆಲ್ಲಗೆ ಮೇಲೇರಿ, ಎದೆಯ ಹತ್ತಿರ ನಿಂತು, ಮತ್ತೆ ಇಳಿಯುತ್ತಿತ್ತು. ಬಲಗಾಲು ಧೂಳಿನಲ್ಲಿ ಅರ್ಧಚಂದ್ರ ಬರೆಯುತ್ತಿತ್ತು. ತುಟಿಯ ಒಂದು ಮೂಲೆಯಲ್ಲಿ ಮಾತ್ರ, ಲೋಕವನ್ನೆಲ್ಲ ಕಂಡು ಮುಗಿಸಿದವರ ಓರೆನಗು. ದೂರದಲ್ಲಿ ಶಂಟಿಂಗ್ ಎಂಜಿನ್ ನಿಟ್ಟುಸಿರು ಬಿಟ್ಟಿತು. ಗುರುಲಿಂಗಪ್ಪ ತಂಬಿಗೆ ಕೆಳಗಿಟ್ಟ, ಬಂದ ಕೆಲಸ ಮರೆತ.

ಅವರು ಸೇಡಂನಲ್ಲಿ ದರ್ಜಿಯಾಗಿದ್ದ ಗುಲಾಮ ದಸ್ತಗೀರ ಚಾಚಾ. ವಾಡಿಯಲ್ಲಿ ಮಗಳು ಕಮರುನ್ನೀಸಾಳ ಮನೆಗೆ ಬಂದು ತಿಂಗಳಾಗಿತ್ತು. ಮರುದಿನ ಗುರುಲಿಂಗಪ್ಪ ಪತ್ರಿಕೆಯ ಚಿತ್ರ ನೋಡಿ ತಾನೇ ಕಲಿತಷ್ಟನ್ನು, ಎಂದರೆ ಒಂದು ಕೈ ಜೋತುಬಿಟ್ಟು ಒಂದು ಮೊಣಕಾಲು ಬಗ್ಗಿಸಿ ತೂರಾಡುವುದನ್ನು, ಅವರ ಮುಂದೆ ಪ್ರದರ್ಶಿಸಿ ನನಗೂ ಕಲಿಸಿರಿ ಎಂದು ಕೈಮುಗಿದ. ಚಾಚಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಕಣ್ಣು ತುಂಬಿತು.

“ನಾ ಏನ್ ಕಲಸ್ಲಿ, ಬಾಬುಸಾಬ್,” ಎಂದರು, ಒಂದೊಂದೇ ಶಬ್ದ ತೂಗಿ. “ನಾ ಮಾಡಿದ್ಹಾಂಗ ಮಾಡ್ರಿ. ಅವಸರ ಮಾಡಬ್ಯಾಡ್ರಿ. ಸಿಟ್ಟಿಗೇಳಬ್ಯಾಡ್ರಿ.”

ಗುರುವಲ್ಲವೆಂದರು, ಮಾತು ಕಡಿಮೆ, ಕಾಣಿಕೆಯ ಹೆಸರಿಲ್ಲ. ನಾಲ್ಕು ಪುಟಗಳಲ್ಲಿದ್ದ ಲಕ್ಷಣಗಳೆಲ್ಲ ಮೂರು ಮಾತಿನಲ್ಲಿ ಸಿಕ್ಕಿದ್ದವು.

ನಲವತ್ತು ದಿನ ಗುರುಶಿಷ್ಯರು ಬೇವಿನಗಿಡದ ಕೆಳಗೆ ಮೋಡದ ಹಾಗೆ ಸರಿದಾಡಿದರು. ಶಿಷ್ಯ ಗುರುವನ್ನು ಕೂದಲೆಳೆಯಷ್ಟೂ ಬಿಡದೆ ಅನುಕರಿಸಿದ: ಬಲಗಾಲಿನ ಅರ್ಧಚಂದ್ರ, ಎದೆಯ ಹತ್ತಿರ ನಡುಗಿ ನಿಲ್ಲುವ ಕೈ, ಬಾಯಿಯ ಓರೆನಗು ಕೂಡ. (ಓರೆನಗು ಕಷ್ಟದ ವಿದ್ಯೆ. ಅದನ್ನು ಊಟದ ಹೊತ್ತಿನಲ್ಲಿಯೂ ಅಭ್ಯಾಸ ಮಾಡಿದ.) ಬೆಳ್ಳಗಾಗುವ ಹೊತ್ತಿಗೆ ಪರಸಿಗಳ ಮೇಲೆ ಇಬ್ಬನಿ ಹೊಳೆಯುತ್ತಿತ್ತು, ಎಲ್ಲಿಗೋ ಹೋಗುವ ಗಾಡಿ ಎಲ್ಲಿಗೋ ಹೋಗುತ್ತಿತ್ತು, ಹೊಕ್ಕುಳ ಕೆಳಗೆ ಏನೋ ಬೆಚ್ಚಗೆ ತಿರುಗತೊಡಗಿತ್ತು. ಹಿಂದಿನ ದಿನದ ಪುಂಡಿಪಲ್ಯವೂ ಇರಬಹುದು, ಆದರೆ ಅವನು ಅದನ್ನು ಒಳಶಕ್ತಿಯೆಂದೇ ನಂಬಿದ. ಜೀವನದಲ್ಲಿ ಯಾರೂ ತನಗೆ ಇಷ್ಟು ಸಮಾಧಾನದಿಂದ ಏನನ್ನೂ ಕಲಿಸಿರಲಿಲ್ಲವೆಂದು ಅವನಿಗೆ ಚಾಚಾನ ಮೇಲೆ ತಂದೆಯ ಮೇಲಿನಂಥ ಪ್ರೀತಿ ಹುಟ್ಟಿತು.

ಯುಗಾದಿಗೆ ಎರಡು ದಿನ ಉಳಿದಿತ್ತು. ಅಂದು ಬೆಳಿಗ್ಗೆ ಅವನ ಕೈ ಹೆಗಲು ದಾಟಿ ಹಗುರಾಗಿ ಮೇಲೆದ್ದಿತು. ಚಾಚಾ ಆಕಾಶ ನೋಡಿ ಏನೋ ಗುನುಗಿದರು. ಇವತ್ತೇ ‘ಬ್ಯಾಡ’ ಎಂದುಬಿಡುವುದೆಂದು ನಿರ್ಧರಿಸಿ ಡ್ಯೂಟಿಗೆ ಹೋದ ಗುರುಲಿಂಗಪ್ಪ ಮಧ್ಯಾಹ್ನ ಮನೆಗೆ ಬಂದರೆ, ಬಾಗಿಲಲ್ಲಿ ಚಕ್ಕಡಿಯ ಮೇಲೆ ಗಿರಣಿಯ ಮಷೀನು, ಅದಕ್ಕೆ ಆತು ನಿಂತ ಅಂಬರಾಯ. ಒಳಗೆ ಭೀಮಮ್ಮ ಸೆರಗಿನಿಂದ ಕಣ್ಣೊರಸುತ್ತಿದ್ದಳು. ಪಕ್ಕದಲ್ಲಿ ಸಕ್ಕರೆಯ ತಾಟು ಹಿಡಿದ ಕಮರುನ್ನೀಸಾ, ಆಕೆಯ ಹಿಂದೆ ಓರೆನಗುತ್ತ ಗುರುಗಳು.

“ನಮ್ಮ ಅಬ್ಬಾಗ ಹೋದ ವರ್ಷ ಲಕ್ವಾ ಹೊಡೀತ್ರಿ, ಅಕ್ಕಾ,” ಎಂದು ಕಮರುನ್ನೀಸಾ ಹೇಳುತ್ತಿದ್ದಳು. “ಸೇಡಂ ಹಕೀಮರು ಹೇಳ್ಯಾರಂತ ದಿನಾ ಹಾಂಗ ಕೈಕಾಲ ಆಡಸ್ತಾರ. ನಿಮ್ಮ ಮನಿಯವರಿಗೂ ಅದೇ ಬ್ಯಾನಿ ಆಗ್ಯದಂತ ಭಾಳ ಮರುಗಿದ್ರು. ತಮ್ಮ ಸಲುವಾಗಿ ಅಲ್ಲ, ಅವರ ಸಲುವಾಗಿ ದರ್ಗಾಕ್ಕ ಹರಕಿ ಹೊತ್ತಿದ್ರು. ಇವತ್ತ ಅವರ ಕೈ ಹೆಗಲ ಮ್ಯಾಲ ಎದ್ದಿತಂತ. ಅದಕ್ಕ ಓಣಿಗೆಲ್ಲ ಸಕ್ರಿ ಹಂಚ್ಲಿಕತ್ತೀವಿ.”

ಗುರುಲಿಂಗಪ್ಪನಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ನಲವತ್ತು ದಿನ ಅವನು ಕಲಿತದ್ದು ತಾಯ್ ಚಿ ಅಲ್ಲ, ಲಕ್ವಾ. ನನಗೆ ಏನೂ ಆಗಿಲ್ಲವೆಂದು ಹೇಳಲು ಬಾಯಿ ತೆರೆದವನು ಚಾಚಾನ ಮುಖ ನೋಡಿದ. ತನ್ನ ಬೇನೆಯನ್ನು ಬದಿಗಿಟ್ಟು ಇನ್ನೊಬ್ಬನ ಕೈ ಎದ್ದದ್ದಕ್ಕೆ ಹಬ್ಬ ಮಾಡುತ್ತಿದ್ದ ಆ ಮುಖದ ಮುಂದೆ ಅವನಿಗೆ ನಾಚಿಕೆಯೂ ಪ್ರೀತಿಯೂ ಒಟ್ಟಿಗೇ ಉಕ್ಕಿ ಬಂದವು. ತೆರೆದ ಬಾಯಿಗೆ ಕಮರುನ್ನೀಸಾ ಒಂದು ಚಿಟಿಕೆ ಸಕ್ಕರೆ ಹಾಕಿದಳು.

“ಹದಿನೈದು ದಿನ ಆಯ್ತು, ಉಣ್ಣಾಗ ಬಾಯಿ ಸೊಟ್ಟ ಮಾಡ್ತಿದ್ರಿ,” ಎಂದು ಭೀಮಮ್ಮ ಬಿಕ್ಕಿದಳು. “ನನ್ನ ಪಲ್ಯಾಕ್ಕ ಮಾಡ್ತೀರಂತ ತಿಳಕೊಂಡು ಎಷ್ಟ ಬೈದೆ. ನನಗ್ಯಾಕ ಹೇಳ್ಲಿಲ್ರಿ?”

ಇಪ್ಪತ್ತೆರಡು ವರ್ಷಗಳಲ್ಲಿ ಆಕೆಯ ದನಿ ಇಷ್ಟು ಮೆತ್ತಗಾದದ್ದು ಇದೇ ಮೊದಲು. ಗುರುಲಿಂಗಪ್ಪನ ಮನಸ್ಸಿನಲ್ಲಿ ಒಂದು ಗಾಡಿ ಮೆಲ್ಲಗೆ ಹೊರಟಿತು. ರೋಗಿಯ ತಲೆಯ ಹತ್ತಿರ ಯಾರಾದರೂ ಗಿರಣಿ ಹಾಕುತ್ತಾರೆಯೇ? ಖೋಲಿ ಉಳಿಯಿತು. ಕಿಟಕಿ ಉಳಿಯಿತು, ಸಮುದ್ರ ಉಳಿಯಿತು.

ಆಗ ಚಾಚಾ, ಪಾಪ, ಹಕೀಮರ ಇನ್ನೊಂದು ಪಥ್ಯ ಹೇಳಿದರು. ಈ ಬೇನೆಗೆ ಹೊರಗಿನ ಗಾಳಿ ತಾಗಬಾರದು. ಪಾರಿವಾಳದ ರೆಕ್ಕೆಯ ಗಾಳಿಯೊಂದು ಮಾತ್ರ ಒಳ್ಳೆಯದು, ನಾನು ಸಾಕಿದ ಜೋಡಿಯನ್ನೇ ಕಳಿಸಿಕೊಡುತ್ತೇನೆ ಎಂದರು. ಭೀಮಮ್ಮ ಕಿಟಕಿಯತ್ತ ನೋಡಿದಳು. ಕಣ್ಣೊರಸಿಕೊಂಡಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಂಚ ಒಳಗಿನ ಕಾಳಿನ ಖೋಲಿಗೆ ಹೋಗಲಿ, ಅಲ್ಲಿ ಕಿಟಕಿಯೇ ಇಲ್ಲ, ಬೆಚ್ಚಗಿರುತ್ತದೆ ಎಂದಳು. ಹಾಗಾದರೆ ಈ ಖೋಲಿ ಇವತ್ತೇ ಖಾಲಿ ಆಯಿತಲ್ಲ ಎಂದು ಅಂಬರಾಯ ಚಕ್ಕಡಿಯ ಹಗ್ಗ ಬಿಚ್ಚತೊಡಗಿದ.

ಇದೇ ಆ ಕ್ಷಣ. ಗುರುಲಿಂಗಪ್ಪ ಎರಡೂ ಪಾದಗಳನ್ನು ಪರಸಿಯ ಮೇಲೆ ಭದ್ರವಾಗಿ ಊರಿದ. ಉಸಿರನ್ನು ಹೊಕ್ಕುಳ ಕೆಳಗೆ ಇಳಿಸಿದ. ನಲವತ್ತು ನಸುಕುಗಳ ಬಿಸಿಯನ್ನೆಲ್ಲ ಅಲ್ಲಿಂದ ಒಟ್ಟುಗೂಡಿಸಿ, ಗುರುಗಳು ಹೇಳಿದ ಹಾಗೆ ಸಿಟ್ಟಿಲ್ಲದೆ, ಅವಸರವಿಲ್ಲದೆ, ಮೆಲ್ಲಗೆ, ಬಹಳ ಮೆಲ್ಲಗೆ ಬಾಯಿ ಬಿಟ್ಟ.

“ಬ್ಯಾ... ಆ... ಡ.”

ಅಂಬರಾಯನ ಕೈಯ ಹಗ್ಗ ನಿಂತಿತು. ಭೀಮಮ್ಮ, ಪತ್ರಿಕೆಯಲ್ಲಿ ಬರೆದ ಹಾಗೆಯೇ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

“ಅಂಬರಾಯ, ಲಗೂನ ಬಾರೋ,” ಎಂದಳು. “ನಾಲಿಗಿನೂ ಬಿದ್ದದ.”

ಅಂಬರಾಯ ಓಡಿ ಬಂದು ಮಾಮನ ಕಾಲು ಹಿಡಿದ, ಭೀಮಮ್ಮ ಹೆಗಲು ಹಿಡಿದಳು. ಕಾಳಿನ ಖೋಲಿಯ ಕತ್ತಲೆಯ ಕಡೆಗೆ ಮೆರವಣಿಗೆ ಹೊರಟಿತು. ಗುಲಾಮ ದಸ್ತಗೀರ ಚಾಚಾ ಪಕ್ಕದಲ್ಲೇ ಅರ್ಧಚಂದ್ರ ಬರೆಯುತ್ತ ನಡೆದು, ಶಿಷ್ಯನ ಎದೆಯ ಮೇಲೆ ಕೈಯಿಟ್ಟರು.

“ಫಿಕರ್ ಮಾಡಬ್ಯಾಡ್ರಿ, ಬಾಬುಸಾಬ್. ನನಗೂ ಮಾತು ಎಲ್ಲಾಕಿಂತ ಕಡೀಕೇ ಬಂತು.”