ಒಂದು ಸುತ್ತು ಸ್ಕ್ರೂ

ಗ್ರಂಥಾಲಯದ ಗುಮಾಸ್ತನಿಗೆ ಅಪ್ಪ ಬಿಟ್ಟುಹೋದ ಆಸ್ತಿ ಎಂದರೆ ಒಂದು ಹಳೇ ಕಾರು. ನಿಂತಲ್ಲೇ ಅದು ಎಷ್ಟು ಗುಡುಗುತ್ತಿತ್ತೆಂದರೆ, ಬೀದಿಯ ತಿರುವಿನಲ್ಲಿರುವಾಗಲೇ ಮನೆಯ ಪಾತ್ರೆಗಳು ಮಾತಾಡತೊಡಗುತ್ತಿದ್ದವು. ಚಿಕ್ಕಂದಿನಲ್ಲಿ ಆ ಸದ್ದು ಕೇಳಿದೊಡನೆ ಅವನು ಕತೆಪುಸ್ತಕವನ್ನು ದಿಂಬಿನಡಿ ತುರುಕಿ ಲೆಕ್ಕದ ಪುಸ್ತಕ ತೆರೆಯುತ್ತಿದ್ದ. ಈಗಲೂ ಎಂಜಿನ್ ಗುಡುಗಿದರೆ ಅಪ್ಪನೇ ಬಂದಂತಾಗಿ ಎದೆ ತುಂಬುತ್ತಿತ್ತು.

ಮಹಡಿಯ ಮೇಲಿನ ನಿವೃತ್ತ ಹೆಡ್‌ಮಾಸ್ತರರಿಗೆ ಮಾತ್ರ ಅದರಿಂದ ತಲೆ ಚಿಟ್ಟು ಹಿಡಿಯುತ್ತಿತ್ತು. ಅಂದು ಬೆಳಿಗ್ಗೆ ಬಾಲ್ಕನಿಯಿಂದಲೇ ಹೇಳಿದರು, "ಈ ಸದ್ದು ಇವತ್ತೇ ನಿಲ್ಬೇಕಪ್ಪ. ಇಲ್ಲಾಂದ್ರೆ ಮನೆ ಮಾಲೀಕರಿಗೆ ಹೇಳಿ ಕಾರನ್ನೇ ಇಲ್ಲಿಂದ ಎತ್ತಿಸ್ತೀನಿ."

ನಿಲ್ಲಿಸಲು ಬೇರೆ ಜಾಗವಿಲ್ಲ. ಎತ್ತಿಸಿದರೆ ಅಪ್ಪನ ಕಾರು ಗುಜರಿಗೇ ಹೋಗಬೇಕು. ಗುಮಾಸ್ತ ರಜೆ ಹಾಕಿ ಮೆಕ್ಯಾನಿಕ್ ಬಳಿಗೆ ಓಡಿದ.

"ಐಡ್ಲಿಂಗ್, ಅಂದ್ರೆ ಗಾಡಿ ನಿಂತಾಗ ಎಂಜಿನ್ ಓಡೋ ವೇಗ, ಜಾಸ್ತಿ ಇಟ್ಟಿದಾರೆ ಸಾರ್," ಎಂದ ಮೆಕ್ಯಾನಿಕ್, ಬಾನೆಟ್ಟಿನೊಳಗೆ ಕಿವಿಗೊಟ್ಟು. "ಈ ಸ್ಕ್ರೂ ತಿರುಗಿಸಿದ್ರೆ ಸದ್ದು ಇಳಿಯುತ್ತೆ, ಪೆಟ್ರೋಲೂ ಉಳಿಯುತ್ತೆ. ಆದ್ರೆ ತೀರಾ ಇಳಿಸಿದ್ರೆ ನಿಂತಲ್ಲೆಲ್ಲ ಆಫ್ ಆಗುತ್ತೆ, ಬ್ಯಾಟರಿಗೆ ಚಾರ್ಜೂ ಸಾಲಲ್ಲ. ಕಾಲು ಸುತ್ತು ಸಾಕು."

"ಒಂದು ಸುತ್ತು ಇಳಿಸಿಬಿಡಿ."

ಕಾರು ಗ್ರಂಥಾಲಯಕ್ಕೆ ಬಂದ ಓದುಗನಂತೆ ಪಿಸುಗುಟ್ಟಿತು. ಮೊದಲ ಸಿಗ್ನಲ್ಲಿನಲ್ಲಿ ಪಿಸುಮಾತೂ ನಿಂತಿತು. ಎರಡನೆಯದರಲ್ಲಿ ಪೊಲೀಸಪ್ಪ ಬಂದು, "ಇಲ್ಲೇ ಸಂಸಾರ ಹೂಡ್ತೀರಾ?" ಎಂದು ವಿಚಾರಿಸಿದ. ಮೂರನೆಯದರಲ್ಲಿ ಬ್ಯಾಟರಿಯೇ ಕೈಕೊಟ್ಟಿತು. ದಾರಿಹೋಕರಿಬ್ಬರು ಕಾರು ತಳ್ಳಿದ್ದಕ್ಕಿಂತ ಹೆಚ್ಚು ಬುದ್ಧಿವಾದ ಹೇಳಿ, ಬೀದಿಯ ತಿರುವಿನಲ್ಲಿ ಕಳಚಿಕೊಂಡರು. ಅಲ್ಲಿಂದ ಗೇಟಿನವರೆಗೆ ಅವನೊಬ್ಬನೇ ಬೆವರು ಸುರಿಸುತ್ತ ತಳ್ಳಿದ.

ಬಾಗಿಲು ತೆರೆದರೆ, ಅಪ್ಪನ ಕುರ್ಚಿಯಲ್ಲಿ ಅಮ್ಮ. ಹೋದ ವಾರವಷ್ಟೇ ಕಣ್ಣಿನ ಆಪರೇಷನ್ ಆಗಿ, ಇಸ್ಪೀಟು ಮುಟ್ಟಕೂಡದೆಂದು ಮಗನಿಂದ ಕಟ್ಟಪ್ಪಣೆಯಾಗಿದ್ದ ಅಮ್ಮನ ಕೈಯಲ್ಲಿ ಹದಿಮೂರು ಎಲೆ. ಎದುರಿಗೆ ಅಷ್ಟೇ ಎಲೆ ಹಿಡಿದ ಹೆಡ್‌ಮಾಸ್ತರರು.

"ಸದ್ದಿಲ್ಲದೆ ಕಳ್ಳನ ಹಾಗೆ ಬರ್ತಾರೇನೋ?" ಅಮ್ಮನೇ ಗದರಿದಳು. "ನಿಮ್ಮಪ್ಪ ಒಂದೇ ಒಂದು ಸಲ ಹೀಗೆ ಬಂದಿದ್ರು. ನೀನು ಕತೆಪುಸ್ತಕ ಬಚ್ಚಿಡೋಕೆ ಹೋಗಿ ಮಂಚಕ್ಕೆ ಹಣೆ ಚಚ್ಚಿಸ್ಕೊಂಡೆ. ಮಾರನೇ ದಿನವೇ ಅವರೇ ಆ ಸ್ಕ್ರೂ ತಿರುಗಿಸಿ ಸದ್ದು ಜೋರು ಮಾಡಿದ್ರು. ತಾನು ಬರೋದು ಮಗೂಗೆ ಮೊದಲೇ ಗೊತ್ತಾಗ್ಲಿ ಅಂತ."

ಗುಮಾಸ್ತನ ಕೈ ತಾನಾಗಿ ಹಣೆಯ ಹಳೇ ಗಾಯದ ಗುರುತನ್ನು ಸವರಿತು. ಹಾಗಾದರೆ ದಿಂಬಿನಡಿಯ ಪುಸ್ತಕಗಳೆಲ್ಲ ಅಪ್ಪನಿಗೆ ಗೊತ್ತಿದ್ದವು.

"ಮೊದಲಿನ ಹಾಗೇ ಮಾಡ್ಸಪ್ಪ," ಎಂದರು ಹೆಡ್‌ಮಾಸ್ತರರು, ಎಲೆ ಜೋಡಿಸುತ್ತ. "ಮಂಡಿನೋವು ನೋಡು, ಸದ್ದು ಕೇಳಿದ್ಮೇಲೆ ಮಹಡಿ ಹತ್ತೋಕೆ ನನಗೆ ಎರಡು ನಿಮಿಷ ಬೇಕು."

ಮಾರನೇ ಬೆಳಿಗ್ಗೆ ಬ್ಯಾಟರಿಗೆ ಜೀವ ಬರಿಸಿ, ಸ್ಕ್ರೂ ಹಳೇ ಜಾಗಕ್ಕೆ ತಿರುಗಿಸಿದ. ಕಾರು ಗುಡುಗಿತು, ಅಪ್ಪ ಬಂದಂತಾಯಿತು. ಆಗಲೇ ಬಾಲ್ಕನಿಗೆ ಹೆಡ್‌ಮಾಸ್ತರರೂ ಬಂದರು.

"ಏನಪ್ಪ ಈ ಗಲಾಟೆ? ಜೋರು ಬೇಕಾಗಿರೋದು ಸಂಜೆಗೆ. ಬೆಳಿಗ್ಗೆ ಇಳಿಸ್ಕೊಂಡು ಹೋಗು, ಇಲ್ಲಾಂದ್ರೆ ಮಾಲೀಕರಿಗೆ ಹೇಳ್ತೀನಿ."

ಅಂದಿನಿಂದ ಗುಮಾಸ್ತನ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಸ್ಕ್ರೂಡ್ರೈವರ್ ಇರುತ್ತದೆ. ಬೆಳಿಗ್ಗೆ ಒಂದು ಸುತ್ತು ಇಳಿಸಿ ಹೊರಟು, ಮೂರೂ ಸಿಗ್ನಲ್ಲುಗಳಲ್ಲಿ ಕಾರು ತಳ್ಳಿಸಿಕೊಳ್ಳುತ್ತಾನೆ. ಸಂಜೆ ಬೀದಿಯ ತಿರುವಿನಲ್ಲಿ ಇಳಿದು, ಬಾನೆಟ್ ಎತ್ತಿ, ಒಂದು ಸುತ್ತು ಏರಿಸಿ, ಅಮ್ಮ ಎಲೆ ಬಚ್ಚಿಡುವಷ್ಟು ಹೊತ್ತು ಅಲ್ಲೇ ಕಾಯುತ್ತಾನೆ.