ನನ್ನ ತಲೆ, ನನ್ನದೇ ಡಬ್ಬಿ

ನಮ್ಮೂರು ಕುಮಾಸಿಯ ಮಾರುಕಟ್ಟೆಯಲ್ಲಿ ನಾನು ಉಪ್ಪನ್ನೂ ನೆಕ್ಕಿ ನೋಡಿಯೇ ಕೊಳ್ಳುವವಳು. ಅಂಥವಳು ನಮ್ಮ ಬಿಗಿ ಗುಂಗುರು ಕೂದಲನ್ನು ನೇರ ಮಾಡುವ ರಿಲ್ಯಾಕ್ಸರ್ ಕ್ರೀಮನ್ನು ಕಣ್ಣು ಮುಚ್ಚಿ ಕೊಳ್ಳುತ್ತೇನೆಯೇ? ಅದೂ ಶನಿವಾರ ನಾದಿನಿ ಫ್ರೆಮಾಳ ಮಗಳ ಮದುವೆ ಇರುವಾಗ! (ಫ್ರೆಮಾ ಮದುಮಗಳಿಗಿಂತ ಮೊದಲು ನನ್ನ ತಲೆಯನ್ನು ನೋಡುವ ಮಹಾತಾಯಿ.)

ಅಂಗಡಿಯಲ್ಲಿ ಮೂರು ಬಗೆ: ಸೌಮ್ಯ, ಸಾಧಾರಣ, ಕಡಕ್. ಸೌಮ್ಯದಲ್ಲಿ ನೀರು ಬೆರೆಸಿರುತ್ತಾರೆ, ಕಡಕ್ಕಿನಲ್ಲಿ ಇನ್ನೇನೋ. ಸಾಧಾರಣದ ಡಬ್ಬಿಗಳನ್ನೆಲ್ಲ ಇಳಿಸಿ, ಅಲ್ಲಾಡಿಸಿ, ಮೂಸಿದೆ.

"ಅಮ್ಮಾ, ತಲೆಗೆ ಹಚ್ಕೊಳ್ಳೋಕೋ, ಫುಫು ಮುದ್ದೆ ಜೊತೆ ತಿನ್ನೋಕೋ?" ಎಂದ ಅಂಗಡಿಯವನು.

ಮನೆಯಲ್ಲಿ ನನ್ನ ಗಂಡ ಒಪೊಕು, "ಕ್ರೀಮು ಸಲೂನಲ್ಲೇ ಇರುತ್ತಲ್ಲ, ಕೊನಾಡು?" ಎಂದರು.

"ಇರುತ್ತೆ ರೀ, ಒಳ್ಳೇ ಡಬ್ಬೀಲಿ ಕಳಪೆ ಮಾಲು! ನನ್ನದನ್ನ ನಾನೇ ಒಯ್ತೀನಿ. ಆ ಸಲೂನಿನವಳು ಅರ್ಧ ಎತ್ತಿಟ್ಕೊಳ್ದೇ ಇರೋ ಹಾಗೆ ನೋಡ್ಕೋತೀನಿ."

ಶುಕ್ರವಾರ ಸಲೂನಿನ ಬೆಂಚಿನ ಮೇಲೆ ಡಬ್ಬಿಯನ್ನು ತಬ್ಬಿಕೊಂಡು ನನ್ನ ಸರದಿಗೆ ಕಾದೆ. ಇವಳು ಹೇಗೆ ಮೋಸ ಮಾಡಬಹುದು ಎಂದು ಯೋಚಿಸುತ್ತ, ತಲೆ ಕೆರೆಯುತ್ತ, ಮತ್ತೆ ಯೋಚಿಸುತ್ತ ಕೂತೆ.

ಸಲೂನಿನ ಅಫ್ರಕೋಮಾ ಕುರ್ಚಿಯಲ್ಲಿ ಕೂರಿಸಿ ಕೇಳಿದಳು: "ಅಕ್ಕಾ, ತಲೆ ಕೆರ್ಕೊಂಡಿಲ್ಲ ತಾನೆ? ಕೆರ್ಕೊಂಡಿದ್ರೆ ಇವತ್ತು ಬೇಡ, ಸುಡುತ್ತೆ. ಡಬ್ಬಿ ಇಲ್ಲೇ ಇರಲಿ, ಮುಂದಿನ ವಾರ ಬನ್ನಿ."

ಡಬ್ಬಿ ಇಲ್ಲೇ ಇರಬೇಕಂತೆ! ಈ ಹುನ್ನಾರ ನನಗೆ ತಿಳಿಯದೇ?

"ಒಂದು ಬೆರಳೂ ಸೋಕಿಸಿಲ್ಲ. ಹಚ್ಚು," ಎಂದೆ.

ಹಚ್ಚಿದಳು. ಸ್ವಲ್ಪ ಹೊತ್ತಿಗೆ ತಲೆಯ ಮೇಲೆ ಯಾರೋ ಒಲೆ ಹೊತ್ತಿಸಿದಂತಾಯಿತು.

"ಅಯ್ಯಯ್ಯೋ ಉರಿ! ನಕಲಿ ಮಾಲು! ಬದಲಾಯಿಸಿಬಿಟ್ಟೆಯಲ್ಲೇ ಕಳ್ಳಿ!"

"ಡಬ್ಬಿ ನಿಮ್ಮ ತೊಡೆ ಮೇಲೇ ಇದೆಯಲ್ಲ ಅಕ್ಕಾ!" ಎನ್ನುತ್ತಲೇ ಅವಳು ನನ್ನನ್ನು ನಲ್ಲಿಯ ಕೆಳಗೆ ಬಗ್ಗಿಸಿ ಕ್ರೀಮೆಲ್ಲ ತೊಳೆದಳು. ಆಮೇಲೆ ಕೂದಲು ಬಿಡಿಸಿ ನೋಡಿ ನಿಟ್ಟುಸಿರು ಬಿಟ್ಟಳು. "ಕ್ರೀಮು ಅಸಲೀನೇ. ಇಲ್ಲಿ ನೋಡಿ, ತಲೆ ತುಂಬಾ ನಿಮ್ಮುಗುರಿನ ಗೀರು."

ನಾಚಿಕೆಯಿಂದ ಸತ್ತೇ ಹೋದೆ. ಕೂದಲು ಅಲ್ಲಲ್ಲಿ ನೇರ, ಅಲ್ಲಲ್ಲಿ ಮೊದಲಿನಂತೆ ಸ್ಪ್ರಿಂಗು. ಮದುವೆಗೆ ಕಿವಿಯವರೆಗೂ ಬಿಗಿದ ತಲೆವಸ್ತ್ರದಲ್ಲಿ ಹೋದೆ.

ಫ್ರೆಮಾ ನನ್ನನ್ನು ಎರಡು ಸುತ್ತು ಸುತ್ತಿದಳು. "ಒಳಗೇನೋ ಮುಚ್ಚಿಟ್ಟಿದ್ದೀಯ. ಬಿಚ್ಚು, ನೋಡೋಣ."

"ಥೂ! ಮನುಷ್ಯರಿಗೆ ಇಷ್ಟು ಅನುಮಾನ ಇರಬಾರ್ದು," ಎಂದು ಗದರಿದೆ.

ಪಕ್ಕದಲ್ಲಿ ಊಟ ಮಾಡುತ್ತಿದ್ದ ಒಪೊಕು ಅವರ ನೆತ್ತಿಗೆ ಅನ್ನ ಹತ್ತಿತು. ಬೆನ್ನು ತಟ್ಟಲು ನಾನೇ ಹೋಗಬೇಕಾಯಿತು.